ಹತ್ತದ ಗುಡ್ಡಕ್ಕೆ ಬರೆದ ಸೊನ್ನೆ

ಮೊನ್ನೆ ಕೆ.ಆರ್. ಪೇಟೆಯಿಂದ ನಾಗಮಂಗಲಕ್ಕೆ ಹೊರಟ ಬಸ್ಸಿನಲ್ಲಿ ಮುಂದಿನ ಸೀಟಿನವರು ಪುಳಿಯೋಗರೆ ಪೊಟ್ಟಣ ಬಿಚ್ಚಿದರು. ಆ ವಾಸನೆಗೆ ಬೇರೆಯವರಿಗೆ ದೇವಸ್ಥಾನ ನೆನಪಾಗುತ್ತದೆ, ಇಲ್ಲವೇ ಹಸಿವಾಗುತ್ತದೆ. ನನಗೆ ವಿಜ್ಞಾನ ನೆನಪಾಯಿತು. ನಗಬೇಡಿ. ಪಕ್ಕದಲ್ಲಿ ಜಾಗವಿದೆ, ಕೂತುಕೊಳ್ಳಿ, ನಾಗಮಂಗಲ ಬರುವಷ್ಟರಲ್ಲಿ ಹೇಳಿಬಿಡುತ್ತೇನೆ. ಆದರೆ ನನ್ನ ನೆನಪು ಕಂಡದ್ದನ್ನೆಲ್ಲ ಇಸ್ತ್ರಿ ಮಾಡಿ ಮಡಿಸಿಡುವ ಜಾತಿಯದು. ಮಡಿಕೆ ತೀರಾ ನೀಟಾಗಿ ಕಂಡಲ್ಲಿ ದಯವಿಟ್ಟು ಅನುಮಾನಪಡಿ.

ಆಗ ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಪ್ರಾಣಿಶಾಸ್ತ್ರದ ನಂಜೇಗೌಡ ನನ್ನ ಜೊತೆಗಾರ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಬೇರೆಲ್ಲೂ ಸಿಗದ ಗಿಡವೂ ಬೇರೆಲ್ಲೂ ಸಿಗದ ಪ್ರಾಣಿಯೂ ಒಟ್ಟಿಗೆ ಬದುಕಿರುವ ಜಾಗಗಳನ್ನು ಗುರುತಿಸುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂತು. ವಿಧಾನ ಸರಳ. ನಕ್ಷೆಯ ಮೇಲೆ ಚೌಕಗಳನ್ನು ಎಳೆಯುವುದು, ಕಂಡ ಜೀವಿಗೊಂದು ಚುಕ್ಕೆ ಇಡುವುದು. ಅಪರೂಪದ ಗಿಡದ ಚುಕ್ಕೆಯೂ ಅಪರೂಪದ ಪ್ರಾಣಿಯ ಚುಕ್ಕೆಯೂ ಒಂದೇ ಚೌಕದೊಳಗೆ ಬಿದ್ದರೆ ಅದು ವಿಶಿಷ್ಟ ವಲಯ. ಮಗ್ಗಿ ಬರುವ ಯಾರು ಬೇಕಾದರೂ ಮಾಡಬಹುದು.

ಜೀಪು ಕೊಟ್ಟಿದ್ದರು. ತಿರುಗಿದೆವು. ಕೊನೆಗೆ ನಕ್ಷೆಯನ್ನು ಮೇಜಿನ ಮೇಲೆ ಹರಡಿ ನೋಡಿದರೆ ಚುಕ್ಕೆಗಳು ಇರುವೆ ಸಾಲಿನ ಹಾಗೆ ಡಾಂಬರು ರಸ್ತೆಯ ಪಕ್ಕಪಕ್ಕದಲ್ಲೇ ಹೋಗಿದ್ದವು. ರಸ್ತೆ ತಿರುಗಿದಲ್ಲಿ ಪ್ರಕೃತಿಯೂ ತಿರುಗಿತ್ತು. ಕ್ಯಾತನಹಳ್ಳಿ ಹತ್ತಿರ ಕಬ್ಬಿನ ಗಾಡಿಗಳು ಅಡ್ಡ ನಿಂತು ಜೀಪು ಕಾದ ಕಡೆಯಲ್ಲೆಲ್ಲ ಕಪ್ಪೆಗಳ ವೈವಿಧ್ಯ ವಿಪರೀತ. ಎಲ್ಲಕ್ಕಿಂತ ಸಂಪದ್ಭರಿತ ಚೌಕ ಮೇಲುಕೋಟೆಯದು. ಅದರಲ್ಲೂ ಪುಳಿಯೋಗರೆ ತಿಂದು, ಕೈ ತೊಳೆದು, ನೆರಳಿನಲ್ಲಿ ನಿಂತು ನಾವು ಸುತ್ತ ಕಣ್ಣಾಡಿಸುತ್ತಿದ್ದ ಒಂದು ಅಂಗಡಿಯ ಹಿತ್ತಲು. ಅಲ್ಲಿನ ಚುಕ್ಕೆಗಳಲ್ಲಿ ಒಂದಾದರೂ ಒಗ್ಗರಣೆ ಎಣ್ಣೆಯದು ಎಂದು ನನಗೆ ಈಗಲೂ ಗುಮಾನಿ.

“ಜೀವಿಗಳ್ಗೂ ರುಚಿ ಗೊತ್ತು ಕಣಯ್ಯಾ,” ಎಂದ ನಂಜೇಗೌಡ.

ಆ ನಕ್ಷೆಗೆ ನಾಗಮಂಗಲದಲ್ಲೇ ಸಭೆ ಮಾಡಿ, ಊರವರ ಮುಂದೆ ನನಗೊಂದು ಶಾಲು ಹೊದಿಸಿದರು. ಚುಕ್ಕೆಗಳು ಯಾಕೆ ಬಸ್ಸಿನ ದಾರಿಯಲ್ಲೇ ಹೋಗುತ್ತವೆ ಎಂದು ಒಬ್ಬರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ. ಇದು ಸುಳ್ಳು. ಹೊಳೆದಿತ್ತು. ಶಾಲು ಬೆಚ್ಚಗಿತ್ತು.

ಇನ್ನು ನಾವು ಹೋಗದೇ ಉಳಿದ ಚೌಕಗಳಿದ್ದವಲ್ಲ, ಅಲ್ಲಿ ನಂಜೇಗೌಡನ ಅನುಭವ ಕೆಲಸಕ್ಕೆ ಬಂತು. ಅವನು ವರ್ಷಗಟ್ಟಲೆ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ನಮೂನೆಗಳನ್ನು ತುಂಬಿದವನು. “ಕಾಲಂ ಖಾಲಿ ಬುಡಬ್ಯಾಡ ಕಣ್ಲಾ. ಖಾಲಿ ಬುಟ್ರೆ ವಾಪಸ್ ಕಳುಸ್ತಾರೆ. ಸೊನ್ನೆ ಬರ್ದು ಬಿಸಾಕು,” ಎಂದ. ನಮ್ಮ ಕಡೆ ಅರ್ಜಿ ತುಂಬಿ ಬೆಳೆದ ಯಾರಿಗೂ ಇದರಲ್ಲಿ ತಪ್ಪು ಕಾಣುವುದಿಲ್ಲ. ಬರೆದೆ.

ಅಂಥ ಚೌಕಗಳಲ್ಲೊಂದು ನಾಗಮಂಗಲದ ಕಡೆಯ ಒಂದು ಕಲ್ಲುಗುಡ್ಡ. ಅದರ ಬುಡದವರೆಗೆ ಹೋಗಿದ್ದೆವು. ಅಲ್ಲಿ ಆಡು ಮೇಯಿಸುತ್ತಿದ್ದ ಕೆಂಪಮ್ಮ ಸಿಕ್ಕರು. ಹಸಿರು ಸೀರೆ ಉಟ್ಟಿದ್ದರು. ಇಲ್ಲ, ಸೀರೆಯ ಬಣ್ಣ ನನಗೆ ನೆನಪಿಲ್ಲ, ಈಗ ಹಾಕಿದೆ. ಮಾತು ಮಾತ್ರ ನೆನಪಿದೆ.

“ಮ್ಯಾಕೆ ಬನ್ನಿ ಮೇಷ್ಟ್ರೇ. ಮದಲ್ ಮಳೆ ಬಿದ್ಮೇಲೆ ಬಂಡೆ ಸಂದೀಲಿ ಒಂದು ಗೆಡ್ಡೆ ಊವ ಬುಡ್ತದೆ. ಆ ಊವ ತಿನ್ನಕ್ಕೆ ಒಂದು ಓತಿಕ್ಯಾತ ಬತ್ತದೆ. ಎಲ್ಡೂವೆ ಈ ಗುಡ್ಡ ಬುಟ್ರೆ ಎಲ್ಲೂ ಇಲ್ಲ.”

“ಎಲ್ಲೂ ಇಲ್ಲ ಅಂತ ನಿಮಗೆ ಹೇಗೆ ಗೊತ್ತು?” ಎಂದು ಗತ್ತಿನಿಂದ ಕೇಳಿದೆ.

“ಎಲ್ಲಾ ಗುಡ್ಡಕ್ಕೂ ಆಡು ಒಡ್ಕಂಡು ಓಯ್ತೀನಲ್ಲ. ನೋಡಿವ್ನಿ. ಇಲ್ಲ.”

ನಮ್ಮ ಶಾಸ್ತ್ರ ಪೂರ್ತಿ ಇಷ್ಟೇ. ಒಂದು ಜೀವಿ ಇಲ್ಲಿ ಮಾತ್ರ ಇದೆ ಎನ್ನಬೇಕಾದರೆ ಉಳಿದ ಕಡೆಗಳಿಗೂ ಹೋಗಿ ನೋಡಿರಬೇಕು. ಜೀಪಿದ್ದ ನಾವು ನೋಡಿರಲಿಲ್ಲ, ಆಡಿದ್ದವರು ನೋಡಿದ್ದರು. ನಂಜೇಗೌಡ ಗುಡ್ಡವನ್ನು ಬುಡದಿಂದ ತುದಿಯವರೆಗೆ ಕಣ್ಣಲ್ಲೇ ಹತ್ತಿ ಇಳಿದ. “ಈ ಬಿಸ್ಲಲ್ಲಿ ಯಾವನ್ಲಾ ಅತ್ತೋನು? ತಡ ಆದ್ರೆ ಮೇಲುಕೋಟೇಲಿ ಪುಳಿಯೋಗರೆ ಖಾಲಿ ಆಯ್ತದೆ!” ನಾನು ನಕ್ಕೆ. ಇನ್ನೊಂದು ದಿನ ಬರುತ್ತೇನಮ್ಮ ಎಂದು ಹೇಳಿದ್ದೆ ಎಂದು ನನ್ನ ನೆನಪು ಸಾಧಿಸುತ್ತದೆ. ಇಲ್ಲೇ ನೋಡಿ ನಾನು ಹೇಳಿದ ಮಡಿಕೆ.

ಹೋದ ತಿಂಗಳು ಕೆಂಪಮ್ಮ ನಮ್ಮ ಮನೆ ಹುಡುಕಿಕೊಂಡು ಬಂದು ಮೆಟ್ಟಿಲ ಮೇಲೆ ಕೂತರು. ಗುಡ್ಡವನ್ನು ಕಲ್ಲು ಒಡೆಯಲು ಕೇಳಿರುವವರು ಅರ್ಜಿಯ ಜೊತೆಗೆ ನನ್ನ ನಕ್ಷೆಯನ್ನು ಲಗತ್ತಿಸಿದ್ದರು.

“ನಿಮ್ ಸೊನ್ನೆ ತೋರ್ಸಿ ಗುಡ್ಡ ಕೇಳ್ತಾವ್ರೆ. ಒಡುದ್ಬುಟ್ರೆ ನಮ್ ಆಡೆಲ್ಲಿಗೆ ಓದಾವು? ನಾಗಮಂಗ್ಲದಾಗೆ ಸಬೆ ಕರ್ದವ್ರೆ, ಬಂದು, ನಾನು ಗುಡ್ಡ ಅತ್ತಿಲ್ಲ ಅಂತ ಯೋಳಿ.”

ಸಮೀಕ್ಷಾ ವಿಧಾನದ ಮಿತಿಗಳನ್ನು ಕುರಿತು ವಿವರವಾದ ಪತ್ರ ಬರೆದುಕೊಡುತ್ತೇನೆ ಎಂದೆ.

“ಅವೆಲ್ಲ ಬ್ಯಾಡಿ. ಅತ್ತಿಲ್ಲ ಅನ್ನಿ, ಸಾಕು.”

ನಂಜೇಗೌಡನಿಗೆ ಫೋನ್ ಮಾಡಿದೆ. “ಯೋಳ್ಬುಡು. ನನ್ ಹೆಸ್ರು ಮಾತ್ರ ಎತ್ಬ್ಯಾಡ ಕಣ್ಲಾ, ಮೊಮ್ಮಕ್ಕಳು ನಗ್ತವೆ,” ಎಂದ.

ನಾನು ಆ ಬಸ್ಸಿನಲ್ಲಿ ಕೂತದ್ದು ಇದಕ್ಕೆ. ಅಗೋ ನಾಗಮಂಗಲ ಬಂತು, ಇಳಿಯೋಣ.

ಅಹವಾಲು ಕೇಳುವ ಸಭೆಗೆ ಜನ ತುಂಬಿದ್ದರು. ನನ್ನ ಜೇಬಿನಲ್ಲಿ ಮೂರು ಪುಟದ ಹೇಳಿಕೆ. ಹತ್ತಲಿಲ್ಲ ಎಂಬ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಅದರಲ್ಲಿತ್ತು. ಅಧಿಕಾರಿ ಕೈ ಎತ್ತಿ ತಡೆದರು.

“ಓದಬೇಡಿ ಸಾರ್. ಆ ಗುಡ್ಡದಲ್ಲಿ ಏನಿದೆ, ಏನಿಲ್ಲ?”

ಕೆಂಪಮ್ಮ ಗೋಡೆಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದರು.

“ಗೊತ್ತಿಲ್ಲ,” ಎಂದೆ. “ನಾನು ಹತ್ತಲಿಲ್ಲ.”

“ಮತ್ತೆ ಈ ಸೊನ್ನೆ?”

“ಕಾಲಂ ಖಾಲಿ ಬಿಡಬಾರದು ಅಂತ.”

ಇಡೀ ಕೋಣೆ ನಕ್ಕಿತು. ಹಿಂದಿನಿಂದ ಯಾರೋ, “ಅತ್ದೆ ಇದ್ದುದ್ಕೇ ಶಾಲಾ? ಅತ್ತಿದ್ರೆ ಆನೆ ಮ್ಯಾಲೆ ಮೆರವಣಿಗೆ ಮಾಡೋರೇನೋ ಕಣ್ಲಾ!” ಎಂದರು. ಅಧಿಕಾರಿ ಮಾತ್ರ ನಗಲಿಲ್ಲ. ಅವರ ಮುಂದೆಯೂ ತುಂಬಿದ ನಮೂನೆಗಳ ರಾಶಿ ಇತ್ತು. ಮೊದಲ ಮಳೆ ಬಿದ್ದ ಮೇಲೆ ನಾನೇ ಹತ್ತಿ ನೋಡಿ ವರದಿ ಕೊಡಬೇಕು, ಅಲ್ಲಿಯವರೆಗೆ ಗುಡ್ಡ ಮುಟ್ಟುವಂತಿಲ್ಲ ಎಂದರು. ಗುಡ್ಡ ಉಳಿಯಿತು ಎಂದು ಹೇಳುವ ಧೈರ್ಯ ನನಗಿಲ್ಲ. ಮಳೆ ಬರುವವರೆಗೆ ಇದೆ.

ಹೊರಗೆ ಬಂದಾಗ ಕೆಂಪಮ್ಮ ಥ್ಯಾಂಕ್ಸು ಗೀಂಕ್ಸು ಏನೂ ಹೇಳಲಿಲ್ಲ. “ಈಗ್ಲಾದ್ರೂ ಅತ್ತೀರಾ?” ಎಂದರು.

ಹತ್ತಿದೆ. ಅವತ್ತೇ ಸಂಜೆ, ಅವರ ಹಿಂದೆ. ಮಂಡಿ ಎರಡೂ ಗೊಣಗಿದವು. ಅರ್ಧ ಏರಿ, ಉಸಿರು ತೆಗೆದುಕೊಳ್ಳಲು ಒಂದು ಚಪ್ಪಟೆ ಬಂಡೆಯ ಮೇಲೆ ಕಾಲಿಟ್ಟೆ.

“ಅಲ್ಲಿ ಕಾಲು ಮಡಗ್ಬ್ಯಾಡಿ!”

ಕೆಳಗೆ ಬೆರಳಗಲದ ಒಂದು ಬಿರುಕು, ಅದರೊಳಗೆ ಒಂದಿಷ್ಟು ಒಣಮಣ್ಣು. “ಇಲ್ಲಿ ಏನೂ ಇಲ್ಲವಲ್ಲಮ್ಮ,” ಎಂದುಬಿಟ್ಟೆ.

“ಗೆಡ್ಡೆ ಒಳ್ಗೆ ಮನೀಕಂಡದೆ ಕನ. ಮಳೆ ಬಂದ್ರೆ ಏಳ್ತದೆ.”

ಕಾಲು ಎತ್ತಿದೆ. ಸುತ್ತ ಬಂಡೆ, ಬಿರುಕು, ಒಣಮಣ್ಣು, ಎಲ್ಲ ಒಂದೇ ಥರ. ಒಂಟಿಕಾಲಲ್ಲಿ ನಿಂತು, ಎಲ್ಲಿಡಲಿ ಎಂದು ಕೇಳಿದೆ. ಕೆಂಪಮ್ಮ ಕೋಲಿನಿಂದ ತೋರಿಸಿದರು. ಅಲ್ಲಿಟ್ಟೆ. ಆಮೇಲೆ, ಇನ್ನೊಂದು ಕಾಲು ಎಲ್ಲಿಡಲಿ ಎಂದು ಕೇಳಿದೆ.