ಎಣಿಕೆಗೆ ಸಿಕ್ಕ ಮನೆ

ಟೈಲರಮ್ಮನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿದ್ದ ಮಾತು. ಯಾರ ಸೊಂಟ ಎಷ್ಟು ಇಂಚು ಹಿಗ್ಗಿತು ಎಂಬ ಸುದ್ದಿ ಅವಳ ಮುಂಗೋಣೆಯಿಂದ ಹೊರಟರೆ ಸಂಜೆಯೊಳಗೆ ಮೂರು ಬೀದಿ ಸುತ್ತಿ ಬರುತ್ತಿತ್ತು. ಅಂಥವಳು ಹೆತ್ತ ಮಗಳಿಂದಲೇ ಒಂದು ವಿಷಯವನ್ನು ಏಳು ತಿಂಗಳು ಮುಚ್ಚಿಟ್ಟಳೆಂದರೆ ಯಾರೂ ನಂಬಲಾರರು.

ಗಂಡ ಸತ್ತಾಗ ಮಗಳಿಗೆ ನಾಲ್ಕು ವರ್ಷ. ಅಂದಿನಿಂದ ಹೊಲಿಗೆ ಮಿಷನ್ನೇ ಆ ಮನೆಯ ಯಜಮಾನ. ಶಾಲೆಯ ಅಂಗಿ, ಸೋಫಾದ ಗವಸು, ಸರ್ಕಾರಿ ಆಸ್ಪತ್ರೆಯ ನರ್ಸುಗಳ ಕೋಟು, ಹೀಗೆ ಬಂದದ್ದನ್ನೆಲ್ಲ ಹೊಲಿದು ಮಗಳನ್ನು ಓದಿಸಿ ಅದೇ ಆಸ್ಪತ್ರೆಗೆ ನರ್ಸಾಗಿ ಕಳಿಸಿದಳು. ಮಗಳ ಮೊದಲ ಬಿಳಿ ಕೋಟು ಹೊಲಿಯುವಾಗ ಅಳು ಬಂದು, ಬೆರಳಿಗೆ ಸೂಜಿ ಚುಚ್ಚಿಕೊಂಡು, ಬಟ್ಟೆಗೆ ರಕ್ತವಾಗಿ, ಮತ್ತೊಂದನ್ನು ಹೊಲಿಯಬೇಕಾಯಿತು.

ಅವರ ಟಿವಿಯ ಪಕ್ಕ ಒಂದು ಸಣ್ಣ ಪೆಟ್ಟಿಗೆ ಇತ್ತು. ಜನ ಯಾವ ಚಾನೆಲ್ ನೋಡುತ್ತಾರೆಂದು ಲೆಕ್ಕ ಹಾಕುವ ಕಂಪನಿಯೊಂದು ಅದನ್ನು ಕೂರಿಸಿತ್ತು. ಟಿವಿ ಮುಂದೆ ಕೂತವರು ಪೆಟ್ಟಿಗೆಯ ರಿಮೋಟಿನಲ್ಲಿ ತಮ್ಮ ತಮ್ಮ ಗುಂಡಿ ಒತ್ತಬೇಕು. ಅಮ್ಮನಿಗೊಂದು, ಮಗಳಿಗೊಂದು, ಬಂದುಹೋಗುವವರಿಗೆ ನಾಲ್ಕು. ನಗರದಲ್ಲಿ ಅಂಥ ಮನೆಗಳು ಬೆರಳೆಣಿಕೆಯಷ್ಟು. ಟೈಲರಮ್ಮ ಒಬ್ಬಳು ನೋಡಿದರೆ ಸಾವಿರಾರು ಜನ ನೋಡಿದರೆಂದು ಲೆಕ್ಕ. ಆ ಲೆಕ್ಕ ನೋಡಿಯೇ ಜಾಹೀರಾತಿನವರು ಚಾನೆಲ್ಲುಗಳಿಗೆ ದುಡ್ಡು ಸುರಿಯುತ್ತಿದ್ದರು.

ಪೆಟ್ಟಿಗೆಯ ವಿಷಯ ಹೊರಗೆ ಬಾಯಿ ಬಿಡಬಾರದೆಂದು ಕಟ್ಟಪ್ಪಣೆ ಮಾಡಿ ಅದನ್ನು ಕೂರಿಸಿಹೋಗಿದ್ದ ಹುಡುಗನೇ, ಆ ಕಂಪನಿ ಬಿಟ್ಟಮೇಲೆ, ಒಂದು ದಿನ ದೊಡ್ಡ ಹೊಸ ಟಿವಿ ಹೊತ್ತು ಬಂದ.

“ಟಿವಿ ನಿಮಗೇ ಅಕ್ಕ. ಬದಲಿಗೆ ಒಂದು ಸಣ್ಣ ಕೆಲಸ. ಮಗಳು ಡ್ಯೂಟಿಗೆ ಹೋದ್ಮೇಲೆ ಈ ನ್ಯೂಸ್ ಚಾನೆಲ್ ಹಾಕಿಡಿ. ನೋಡ್ಲೇಬೇಕು ಅಂತೇನಿಲ್ಲ. ಅದರ ಪಾಡಿಗೆ ಅದು ಬೊಗಳ್ತಾ ಇರ್ಲಿ.”

“ತಪ್ಪಲ್ವೇನೋ?”

“ಯಾರಿಗೆ ಏನು ನಷ್ಟ ಹೇಳಿ?”

ಟೈಲರಮ್ಮನಿಗೆ ನಷ್ಟವಾಗುವವರು ಯಾರೂ ಕಾಣಲಿಲ್ಲ. ಹಳೆಯ ಟಿವಿಯಲ್ಲಂತೂ ಎಲ್ಲರ ಮುಖವೂ ಹಸಿರಾಗಿ ಕಾಣುತ್ತಿತ್ತು. ಒಪ್ಪಿಕೊಂಡಳು. ಕಂತಿನಲ್ಲಿ ಕೊಂಡೆ ಎಂದು ಮಗಳಿಗೆ ಸುಳ್ಳು ಹೇಳಿದಳು.

ಏಳು ತಿಂಗಳು ಕಳೆದ ಮೇಲೆ, ಒಬ್ಬ ನರ್ಸಿಗೆ ಅರವತ್ತು ರೋಗಿಗಳಾದರೆ ಹೇಗೆ, ಇನ್ನಷ್ಟು ನರ್ಸುಗಳನ್ನು ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಆಸ್ಪತ್ರೆಯ ನರ್ಸುಗಳು ಮುಷ್ಕರ ಹೂಡಿದರು. ತುರ್ತು ವಾರ್ಡಿಗೆ ಸರದಿ ಹಾಕಿಕೊಂಡು, ಉಳಿದವರು ಗೇಟಿನ ಮುಂದೆ ಕೂತರು. ಮಧ್ಯಾಹ್ನ ಆ ಚಾನೆಲ್ಲಿನಲ್ಲಿ ಗೇಟು ಕಾಣಿಸಿತು. ಎರಡನೇ ಸಾಲಿನಲ್ಲಿ ಮಗಳು! ಟೈಲರಮ್ಮ ಅರ್ಧ ಹೊಲಿದ ತೋಳು ಬಿಟ್ಟು ಬಾಗಿಲಿಗೆ ಓಡಿದಳು.

“ಬನ್ರೇ, ನನ್ ಮಗಳು ಟಿವೀಲಿ ಬಂದಿದಾಳೆ!”

ಅಕ್ಕಪಕ್ಕದ ನಾಲ್ವರು ಬಂದರು. ಟೈಲರಮ್ಮ ಕೆಲಸದಲ್ಲಿ ಕಟ್ಟುನಿಟ್ಟಾದ ಹೆಂಗಸು. ಬಂದವರಿಗೆಲ್ಲ ಮರೆಯದೆ ಗುಂಡಿ ಒತ್ತಿದಳು. ಮಗಳ ಮುಖ ಇನ್ನೊಮ್ಮೆ ಬಂದೀತೆಂದು ಮೂರು ದಿನ ಇದೇ ನಡೆಯಿತು. ಮೊದಲ ದಿನ ಹತ್ತು ನಿಮಿಷವಿದ್ದ ಸುದ್ದಿ ಮೂರನೇ ದಿನ ಎರಡು ಗಂಟೆಯಾಯಿತು. ಎರಡು ಗಂಟೆ ತುಂಬಿಸಲು ಬೈಗುಳವಾದರೂ ಬೇಕಲ್ಲ! ಬಿಳಿ ಕೋಟಿನ ಕೊಲೆಗಾರರು ಎಂದು ನಿರೂಪಕ ಗಂಟಲು ಹರಿದುಕೊಂಡ. ಚಾನೆಲ್ಲಿನ ಒಡೆಯ ಅದೇ ರಸ್ತೆಯಲ್ಲಿ ಖಾಸಗಿ ಆಸ್ಪತ್ರೆ ಕಟ್ಟಿಸುತ್ತಿರುವುದನ್ನು ಮಾತ್ರ ಅವನು ಅಪ್ಪಿತಪ್ಪಿಯೂ ಹೇಳಲಿಲ್ಲ.

ನಾಲ್ಕನೇ ದಿನ ಮಗಳು ಮನೆಗೆ ಬಂದಾಗ ಕೋಟಿನ ಬೆನ್ನ ಮೇಲೆ ಉಗುಳು. ಬಸ್ಸಿನಲ್ಲಿ ಯಾರೋ ಉಗಿದಿದ್ದರು.

“ಇಷ್ಟೊಂದು ಜನ ಅದನ್ನ ಯಾಕಮ್ಮ ನೋಡ್ತಾರೆ?” ಎಂದು ಬಿಕ್ಕಿದಳು.

ಟೈಲರಮ್ಮ ಕೋಟು ತೆಗೆದುಕೊಂಡು ಹೋಗಿ ಒಗೆದಳು.

ಮರುದಿನ ಪೆಟ್ಟಿಗೆಯವನು ಹಲ್ಲು ಕಿರಿಯುತ್ತ ಬಂದ. “ಭೇಷ್ ಅಕ್ಕ! ನಿಮ್ಮನೇಲಿ ಐದೈದು ಜನ ನೋಡಿದ್ರಂತೆ. ಆಸ್ಪತ್ರೆ ಸುದ್ದಿಗೆ ಊರೇ ಮುಗಿಬೀಳ್ತಿದೆ ಅಂತ ಇನ್ನೂ ಒಂದು ವಾರ ಅದನ್ನೇ ಹಾಕ್ತಾರೆ.”

“ನಾನು ನೋಡಿದ್ದು ನನ್ ಮಗಳನ್ನ ಕಣೋ!”

“ಯಾಕೆ ನೋಡಿದ್ರಿ ಅಂತ ಯಾರು ಕೇಳ್ತಾರೆ? ನೋಡಿದ್ರಿ, ಅಷ್ಟೆ.”

ಟೈಲರಮ್ಮ ಟಿವಿಯ ವೈರು ಕಿತ್ತು ಅವನ ಕೈಗೆ ಕೊಟ್ಟು, ಹೊತ್ಕೊಂಡು ಹೋಗು ಎಂದಳು. ನೀವಲ್ಲದಿದ್ರೆ ಇನ್ನೊಂದು ಮನೆ ಎಂದು ಅವನು ಆರಾಮಾಗಿ ಹೊತ್ತುಕೊಂಡು ಹೋದ.

ಎಲ್ಲವನ್ನೂ ಮಗಳಿಗೆ ಹೇಳಿಬಿಡಬೇಕೆಂದು ಅವಳು ನೆಟ್ಟಗೆ ಆಸ್ಪತ್ರೆಗೆ ನಡೆದಳು. ಮಗಳು ಒಳಗೆ ತುರ್ತು ವಾರ್ಡಿನಲ್ಲಿದ್ದಳು. ಗೇಟಿಗಿಂತ ಮೊದಲೇ, ರಸ್ತೆಯ ಈಚೆ, ಚಾನೆಲ್ಲಿನ ವ್ಯಾನು ನಿಂತಿತ್ತು. ಅವಳು ಮಗಳನ್ನು ವಿಚಾರಿಸುತ್ತಿದ್ದುದು ಕಿವಿಗೆ ಬಿದ್ದು, ಮೈಕು ಹಿಡಿದವಳು “ನರ್ಸ್ ತಾಯೀನಾ? ಹೇಳಿ ಅಮ್ಮ” ಎಂದು ಎಷ್ಟು ಅಕ್ಕರೆಯಿಂದ ಕರೆದಳೆಂದರೆ, ಟೈಲರಮ್ಮ ಪೆಟ್ಟಿಗೆ, ಟಿವಿ, ಗುಂಡಿ ಒಂದನ್ನೂ ಬಿಡದೆ ಒದರಿದಳು. ಕೊನೆಗೆ ಕೈಮುಗಿದು, ತಪ್ಪಾಯ್ತು, ಕ್ಷಮಿಸಿಬಿಡಿ ಎಂದು ಅತ್ತಳು.

ಸಂಜೆ ಆರು ಗಂಟೆಗೆ ಚಾನೆಲ್ಲಿನಲ್ಲಿ ಬಂದದ್ದು ಆ ಕೊನೆಯ ಮಾತೊಂದೇ. ಕೆಳಗೆ ದಪ್ಪ ಅಕ್ಷರದಲ್ಲಿ: ಮುಷ್ಕರಕ್ಕಾಗಿ ಕ್ಷಮೆ ಕೇಳಿದ ನರ್ಸ್ ತಾಯಿ.

ಮಗಳು ಫೋನು ಹಿಡಿದೇ ಒಳಗೆ ಬಂದಳು. “ನಮ್ಮ ಪರವಾಗಿ ಕ್ಷಮೆ ಕೇಳು ಅಂತ ನಿಂಗ್ಯಾರು ಹೇಳಿದ್ರು? ಗೇಟಲ್ಲಿ ಒಬ್ಬರೂ ನನ್ನ ಹತ್ರ ಮಾತಾಡ್ತಿಲ್ಲ. ನಾನೇ ಕಳಿಸ್ದೆ ಅಂತಿದಾರೆ.”

ಆಗ ಟೈಲರಮ್ಮ ಎಲ್ಲವನ್ನೂ ಮಗಳಿಗೆ ಹೇಳಿದಳು. ಮಗಳು ಬೈಯುತ್ತಾಳೆಂದು ಕಾದಳು. ಬೈಯಲಿಲ್ಲ.

“ನಂಗೆ ಹೇಳೋಕೆ ಏಳು ತಿಂಗಳು ಬೇಕಾಯ್ತು. ಆ ಮೈಕಿಗಾದ್ರೆ ನಿಂತ ಕಾಲಲ್ಲೇ ಹೇಳ್ಬಿಟ್ಯಲ್ಲಮ್ಮ” ಎಂದು ಗೋಡೆಗೆ ಮುಖ ಮಾಡಿ ಮಲಗಿದಳು.

ಬೆಳಗ್ಗೆ ಟೈಲರಮ್ಮ ಗೇಟಿಗೆ ಹೋಗಿ ಮೊದಲ ಸಾಲಿನ ಮೊದಲ ನರ್ಸಿನ ಮುಂದೆ ಕೂತು ಮೊದಲಿನಿಂದ ಹೇಳತೊಡಗಿದಳು. ಮುಗಿಸಿ ಪಕ್ಕದವಳ ಹತ್ತಿರ ಸರಿದಳು. ಕೂತವರು ಎಂಬತ್ತು ಜನ. ಮೂರನೆಯವಳು ಅರ್ಧಕ್ಕೇ ಎದ್ದು ಹೋದಳು. ಐದನೆಯವಳು, ಚಾನೆಲ್ಲಿನವರು ಎಷ್ಟು ಕೊಟ್ರು ಎಂದು ಕೇಳಿದಳು. ಒಂಬತ್ತನೆಯವಳು, ಇದನ್ನೆಲ್ಲ ಯಾರು ನಂಬ್ತಾರೆ ಎಂದಳು. ದೂರ ಒಬ್ಬಳೇ ಕೂತಿದ್ದ ಮಗಳು ಎದ್ದು ಬಂದಳು.

“ಹೇಳ್ತಿರೋದು ನಿಜ” ಎಂದಳು ಆ ನರ್ಸಿಗೆ. ಅಮ್ಮನ ಕಡೆ ನೋಡಲಿಲ್ಲ.