ಕುದ್ರುವಿನಲ್ಲಿ ಬಾಗಿ ಅತ್ತೆ

ದೋಣಿಯಿಂದ ಕುದ್ರುವಿಗೆ, ಅಂದರೆ ಹೊಳೆಯ ನಡುಗಡ್ಡೆಗೆ, ಮೊದಲು ಇಳಿದವನು ನಾನು. ಇಳಿದದ್ದು ನೆಲಕ್ಕಲ್ಲ, ಮೊಣಕಾಲುಮಟ್ಟದ ಕೆಸರಿಗೆ. ತಲೆಯ ಮೇಲೆ ಅತ್ತೆಗೆಂದು ತಂದ ಪ್ಲಾಸ್ಟಿಕ್ ಕುರ್ಚಿ. ಎರಡು ಕೈಯೂ ಕುರ್ಚಿಗೆ ಮೀಸಲಾದ್ದರಿಂದ, ಬಿಚ್ಚಿಹೋಗುತ್ತಿದ್ದ ಪಂಚೆ ಹಿಡಿಯಲು ನನ್ನಲ್ಲಿ ಮೂರನೆಯದು ಇರಲಿಲ್ಲ. ದೋಣಿಯ ಕಿಟ್ಟ ಮರ್ಯಾದೆಯಿಂದ ಆಚೆ ದಡ ನೋಡಿದ. ಹೆಂಡತಿ ಕಮಲ ಮಾತ್ರ, "ಹ್ವಾಯ್, ಚಡ್ಡಿಯಾರೂ ಒಳ್ಳೇದ್ ಹಾಕ್ಕಂಡ್ ಬಪ್ಪುಕ್ ಆತಿರ್ಲಿಲ್ಯಾ?" ಎಂದಳು.

ನಗಬೇಕಾದವರು ನಗಲಿಲ್ಲ. ಅಂದರೆ ಬಾಗಿ ಅತ್ತೆ, ಕಮಲಳ ತಾಯಿ. ಮದುವೆಯ ದಿನ ನಾನು ಚಪ್ಪರದ ಕಂಬಕ್ಕೆ ಹಣೆ ಹೊಡೆದುಕೊಂಡಾಗಿನಿಂದ ಹದಿನೇಳು ವರ್ಷ, ನನ್ನ ಒಂದೊಂದು ಪತನಕ್ಕೂ ಸೆರಗು ಬಾಯಿಗಿಟ್ಟುಕೊಂಡು ನಕ್ಕವರು. ಅಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನೋಡಿದರು.

ಹೊಟ್ಟೆಯೊಳಗೆ ಇದ್ದದ್ದು ಕ್ಯಾನ್ಸರ್. ಡಾಕ್ಟರು ಅದನ್ನು ನಮಗೆ ಹೇಳಿದ್ದರು, ಹೆಚ್ಚೆಂದರೆ ಎರಡು ತಿಂಗಳು ಎಂದೂ ಹೇಳಿದ್ದರು. ನಾವು ಅತ್ತೆಗೆ ಹೇಳಿದ್ದು ಗ್ಯಾಸ್ಟ್ರಿಕ್ ಅಂತ.

ಅದು 2009ರ ಡಿಸೆಂಬರ್. ಮುಂಬೈಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ಕಮಲಳ ತಮ್ಮ ಲೀಲಾಧರ ಹತ್ತು ದಿನದ ರಜೆ ಮತ್ತು ಒಂದು ಹೊಸ ಕ್ಯಾಮರಾ ಹಿಡಿದು ಬಂದಿದ್ದ. "ಅಮ್ಮನ್ ಎಲ್ಲಿಗಾರೂ ಕರ್ಕಂಡ್ ಹೋಯ್ಕ್ ಭಾವ. ನೆನಪಿಗ್ ಬೇಕಲೆ" ಎಂದ. ಅವನ ಮನಸ್ಸಿನಲ್ಲಿದ್ದದ್ದು ಅಂಡಮಾನ್. ಡಾಕ್ಟರು ಆಸ್ಪತ್ರೆಯಿಂದ ಅರ್ಧ ಗಂಟೆಗಿಂತ ದೂರ ಬೇಡ ಎಂದರು. ಅರ್ಧ ಗಂಟೆಗೆ ಸಿಗುವ ದ್ವೀಪವೆಂದರೆ ಹೆಮ್ಮಾಡಿ ಕಡೆ ಹೊಳೆಯ ನಡುವಿನ ಈ ಕುದ್ರು. ಒಂದಷ್ಟು ತೆಂಗಿನಮರ, ಪರಿಚಯದವರ ಖಾಲಿ ಮನೆ, ಸುತ್ತ ಉಪ್ಪುನೀರು. ಎರಡು ದಿನ ಅತ್ತೆಯನ್ನು ಖುಷಿಯಾಗಿಡುವುದು, ವಿಷಯ ಮಾತ್ರ ಗೊತ್ತಾಗಬಾರದು. ನಗಿಸುವ ಖಾತೆ ನನ್ನ ಪಾಲಿಗೆ ಬಂದಿತ್ತು.

ಅತ್ತೆ ಮೂವತ್ತನಾಲ್ಕು ವರ್ಷ ಮೀನಿನ ಬುಟ್ಟಿ ಹೊತ್ತವರು. ಗಂಡ ಸತ್ತು, ಬೊಜ್ಜದ ಕ್ರಿಯೆ ಮುಗಿದ ಮರುದಿನವೇ ಹೊತ್ತರಂತೆ. ಸೊಂಟದಲ್ಲಿ ಲೀಲಾಧರ, ಹಿಂದಿನಿಂದ ಕಮಲ. ವಾಸನೆಯೆಂದು ಬಸ್ಸಿನವರು ಹತ್ತಿಸಿಕೊಳ್ಳದ ದಿನ ಕೋಡಿಯಿಂದ ತೆಕ್ಕಟ್ಟೆಗೆ ನಡೆದೇ ಹೋಗುವುದು, ಮರುದಿನ ಅದೇ ಕಂಡಕ್ಟರನ ಮನೆಗೆ ಎರಡು ರೂಪಾಯಿ ಹೆಚ್ಚು ಹೇಳಿ ಮಾರುವುದು. ಅಂಥವರನ್ನು ನಾವು ಕುರ್ಚಿಯಲ್ಲಿ ಕೂರಿಸಿ ನೀರು ನೋಡಲು ಹೇಳಿದೆವು.

"ಇಲ್ಲ್ ಎಂತ ಮಾಡ್ಕ್?" ಕೇಳಿದರು.

"ಎಂತ ಮಾಡುಕಿಲ್ಲ ಅಮ್ಮ. ಖುಷಿಯಂಗ್ ಇರ್ಕ್" ಎಂದ ಲೀಲಾಧರ.

"ಎಷ್ಟೊತ್ತ್?"

ಅಷ್ಟರಲ್ಲಿ ಕಿಟ್ಟ ಏಳು ಕಾಣೆ ಮೀನು ಹಿಡಿದು ಬಂದ. ಅತ್ತೆಯ ಎದುರಿಗೇ ನಿಂತು "ನಾನೂರೈವತ್ತ್" ಎಂದವನು, ಮುನ್ನೂರಕ್ಕೆ ಇಳಿಯಲು ಬಾಯಿ ಸಿದ್ಧಮಾಡಿಕೊಂಡ. ಲೀಲಾಧರ ಐನೂರರ ನೋಟು ಕೊಟ್ಟು, "ಚಿಲ್ರೆ ನೀನೇ ಇಟ್ಕೊ" ಎಂದ. ಕಿಟ್ಟನಿಗೆ ಗಾಬರಿಯಾಯಿತು, ನೋಟನ್ನು ಬಿಸಿಲಿಗೆ ಹಿಡಿದು ನೋಡಿದ. ನಾನೂ ಉದಾರಿಯಾಗಿ, "ನಾಳಿಗೂ ತಕಂಬಾ ಮಾರಾಯ" ಎಂದೆ. ಅತ್ತೆ ಮುಖ ತಿರುಗಿಸಿ ಹೊಳೆ ನೋಡಿದರು. ನೀರು ನೋಡಿ ಖುಷಿಪಡಲು ಶುರುಮಾಡಿದರು ಎಂದುಕೊಂಡೆ. ನನ್ನ ತಿಳಿವಳಿಕೆ ಅಷ್ಟೇ.

ಮಧ್ಯಾಹ್ನ ಊಟಕ್ಕೆ ಕೂತೆವು. ಅತ್ತೆ ಒಂದು ತುತ್ತು ತಿಂದು ಬಟ್ಟಲು ಸರಿಸಿದರು. "ಡಾಕ್ಟ್ರ್ ಎಷ್ಟ್ ದಿನ ಅಂದ್ರ್?" ಎಂದರು, ಉಪ್ಪು ಕೇಳುವ ಹಾಗೆ.

ಕಮಲಳ ಸೌಟು ನಿಂತಿತು. "ಗ್ಯಾಸ್ಟ್ರಿಕ್ಕಿಗ್ ಎಂತ ದಿನ ಅಮ್ಮ!" ಎಂದು ಲೀಲಾಧರ ನಕ್ಕ; ಆ ನಗು ಕೇಳಿ ಸಹಿಸುವ ಹಾಗಿರಲಿಲ್ಲ. ನಾನು ಏನೋ ತಮಾಷೆ ಹೇಳಲು ಬಾಯಿ ತೆರೆದೆ, ಅನ್ನ ನೆತ್ತಿಗೆ ಹತ್ತಿತು.

"ತೆಕ್ಕಟ್ಟೆಯಂಗೆ ಒಂದ್ ಮನಿ ಇತ್ತ್" ಎಂದರು ಅತ್ತೆ. "ಬಂಗ್ಡಿಗೆ ಎಂಟಾಣೆ ಬಿಡ್ತಿರ್ಲಿಲ್ಲ ಆ ಹೆಂಗ್ಸ್. ಒಂದಿನ ದೊಡ್ಡ್ ಅಂಜಲ್ ಮೀನ್ ತಕಂಡ್ಳ್, ರೇಟೂ ಕೇಂಡದ್ದಿಲ್ಲ. ಒಳ್ಗ್ ಗಂಡ ಮಲ್ಕಂಡಿದ್ದ. ಹದಿನೈದ್ ದಿನಕ್ಕೆ ಹೋದ. ಮತ್ತೊಂದ್ ಮನಿಯಂಗೂ ಹಾಂಗೇ ಆಯ್ತ್. ಕಡಿಗ್ ಕಡಿಗ್ ನಂಗ್ ಗೊತ್ತಾತಿತ್ತ್. ರೇಟಿಗ್ ಚರ್ಚಿ ಮಾಡ್ದೇ ದೊಡ್ಡ್ ಮೀನ್ ತಕಂಬು ಮನಿಯಂಗೆ ಒಬ್ರ್ ಹೊರ್ಟಿರ್ತ್ರ್." ಮಗನನ್ನು ನೋಡಿದರು. "ನನ್ ಹೊಟ್ಟಿಯಂಗ್ ಹುಟ್ಟಿದವ ಕಾಣಿ ಮೀನಿಗ್ ಚರ್ಚಿ ಮಾಡ್ದೇ ಇಪ್ನಾ?"

ಯಾರೂ ಮತ್ತೆ ಸುಳ್ಳು ಹೇಳಲಿಲ್ಲ. ಲೀಲಾಧರ ಎದ್ದು ಹೊಳೆಯ ಹತ್ತಿರ ಹೋಗಿ ತುಂಬಾ ಹೊತ್ತು ಮುಖ ತೊಳೆದ. ಕಮಲ ಒಲೆಯ ಕಡೆ ತಿರುಗಿ ಕೂತವಳು ಏಳಲೇ ಇಲ್ಲ. ಯಾವುದಕ್ಕೂ ಒಂದು ಕುಚೋದ್ಯ ಹುಡುಕುವ ನನ್ನ ತಲೆ, ಅಂದು ಬಡಿಸಿಟ್ಟ ಮೀನಿನ ತಲೆಯಷ್ಟೇ ಉಪಯೋಗಕ್ಕೆ ಬಂತು.

ಸಂಜೆ ಲೀಲಾಧರ ಬಂದು ಅಮ್ಮನ ಕಾಲ ಬುಡದಲ್ಲಿ ಕೂತ. ಊದಿಕೊಂಡ ಪಾದ ತಿಕ್ಕುತ್ತ, "ಎಂತಾರೂ ಆಸೆ ಇತ್ತಾ ಅಮ್ಮ?" ಎಂದ. "ಇಷ್ಟ್ ದಿನ ಕೇಂಬುಕೇ ಹೆದ್ರಿಕಿ ಆತಿತ್ತ್. ಈಗ ಹೇಳ್. ಎಂತ ಇದ್ರೂ ಮಾಡ್ತೆ."

ಅತ್ತೆ ನಿಜವಾಗಿಯೂ ಯೋಚಿಸಿದರು. ಆಮೇಲೆ, ಬಾಗಿಲಲ್ಲಿ ಕಾದು ನಿಂತ ಗಿರಾಕಿಗೆ ಇವತ್ತು ಸಿಗಡಿ ಬರಲಿಲ್ಲ ಎನ್ನುವ ದನಿಯಲ್ಲಿ ಹೇಳಿದರು:

"ನಂಗ್ ಸಾಯುಕೆ ಮನ್ಸಿಲ್ಲ. ಅದ್ ಬಿಟ್ರ್ ಬೇರೆಂತ ಇಲ್ಲ, ಮಗಾ."