ಮಾವನವರು ಓಟ್ಸ್ ಉಂಡದ್ದು

ಎಂಬತ್ತರ ದಶಕದ ನಡುವೆ ಒಮ್ಮೆ ಕೊಯಮತ್ತೂರಿನ ಡೆಂಟಿಸ್ಟ್ ನನ್ನ ಮಾವನವರ ಉಳಿದ ಹಲ್ಲುಗಳನ್ನೆಲ್ಲ ಕಿತ್ತರು. ವಸಡು ಮಾಯ್ದ ಮೇಲೆ ಹಲ್ಲಿನ ಸೆಟ್ ಕೊಡುವುದು, ಅಲ್ಲಿಯವರೆಗೆ ಸಾಫ್ಟ್ ಡಯಟ್. ನಮ್ಮದು ವೆಳ್ಳಕೋಯಿಲ್ ಪಕ್ಕ ಕಡಲೆಕಾಯಿ ಬೆಳೆಯುವ ಮನೆ. ಮಾವನವರು ಹುರಿದ ಬೀಜ ಬಾಯಿಗೆ ಎಸೆದುಕೊಳ್ಳದೆ ಹೊಲಕ್ಕೆ ಹೊರಟವರೇ ಅಲ್ಲ.

ಸಜ್ಜೆ ಮುದ್ದೆಯ ತರಿ ವಸಡಿಗೆ ಚುಚ್ಚುತ್ತದೆಂದು ತಟ್ಟೆ ದೂಡಿದರು. ಇಡ್ಲಿ ಆಗೆಲ್ಲ ಹಬ್ಬಕ್ಕೆ ಮಾತ್ರ. ಉಳಿದದ್ದು ಗಂಜಿ. ಆದರೆ ಗಂಜಿ ಕಾಯಿಲೆಯವರ ಊಟ. ನಮ್ಮ ಬೀದಿಯಲ್ಲಿ ಯಜಮಾನ ಗಂಜಿ ಕುಡಿದನೆಂದು ಗೊತ್ತಾದರೆ ಸಂಜೆಯೊಳಗೆ ನೆಂಟರು ಕಿತ್ತಳೆ ಹಿಡಿದು ನೋಡಲು ಬರುತ್ತಿದ್ದರು, ಮಂಚದ ಪಕ್ಕ ಕುಳಿತು ನಿಟ್ಟುಸಿರು ಬಿಡುತ್ತಿದ್ದರು. ಮಾವನವರು ಅದಕ್ಕೆ ಸಿದ್ಧರಿರಲಿಲ್ಲ. ಕಾಪಿ ಮತ್ತು ಮಜ್ಜಿಗೆಯಲ್ಲೇ ದಿನ ದೂಡಿದರು. ಒಂದು ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ತಲೆಸುತ್ತಿ ಕುಸಿದು ಕುಳಿತರು.

"ಗಂಜಿ ಕಾಸ್ಲಾ?" ಅತ್ತೆ ಕೇಳಿದರು.

"ನಂಗೇನ್ ಬಂದದೆ? ಹಲ್ಲು ಹೋಯ್ತು, ಉಸ್ರು ಹೋಗಿಲ್ಲ."

"ಇಂಗೇ ಇದ್ರೆ ಅದೂ ಹೋಗ್ತದೆ."

ವಾಲ್ಪಾರೈಯ ಟೀ ಎಸ್ಟೇಟಿನಲ್ಲಿದ್ದ ನನ್ನ ಅಣ್ಣ ಕೊಟ್ಟ ಓಟ್ಸ್ ಡಬ್ಬಿಯೊಂದು ಬೀರುವಿನಲ್ಲಿತ್ತು. ಕಾನ್ವೆಂಟ್ ಹಾಸ್ಟೆಲಿನಲ್ಲಿ ವರ್ಷಗಟ್ಟಲೆ ಓಟ್ಸ್ ಪಾರಿಡ್ಜ್ ತಿಂದವಳು ನಾನು. ಸಿಸ್ಟರ್‌ಗಳು ಬಡಿಸುತ್ತಿದ್ದದ್ದು ಬೆಳ್ಳಗೆ, ಅಂಟಂಟಾಗಿ, ಸಪ್ಪೆಯಾಗಿರುತ್ತಿತ್ತು. ಟು ಬಿ ಫ್ರಾಂಕ್, ಅದೂ ಗಂಜಿಯೇ. ಹಾಗೇ ಮಾಡಿಟ್ಟರೆ ಮಾವನವರು ಮುಟ್ಟುವುದಿಲ್ಲ. ನಮ್ಮಲ್ಲಿ ಗಂಜಿಗೆ ಹುರಿಯುವುದೂ ಇಲ್ಲ, ತುಪ್ಪ ಹಾಕುವುದೂ ಇಲ್ಲ. ಆದ್ದರಿಂದ ಎರಡನ್ನೂ ಮಾಡಿದೆ.

ಮರುದಿನ ಕಬ್ಬಿಣದ ಬಾಣಲೆಯಲ್ಲಿ ಓಟ್ಸನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿದೆ. ಕಡಲೆಬೀಜ ಹುರಿದು, ಸಿಪ್ಪೆ ಉಜ್ಜಿ, ಮೊರದಲ್ಲಿ ಕೇರಿ, ಎಣ್ಣೆ ಬಿಡುವವರೆಗೆ ಒರಳಿನಲ್ಲಿ ಕುಟ್ಟಿದೆ. ಒಂದು ಚೂರೂ ವಸಡಿಗೆ ಸಿಗಬಾರದು. ಹಾಲು, ನೀರು ಬೆರೆಸಿ ಓಟ್ಸ್ ಬೇಯಿಸಿ, ಕಡಲೆ ಮುದ್ದೆ ಕಲಸಿ, ಕರಗಿಸಿ ಸೋಸಿದ ತಾಟಿಬೆಲ್ಲ ಸುರಿದು, ಮೇಲೆ ತುಪ್ಪ ಬಿಟ್ಟೆ. ಬಣ್ಣ ಮಣ್ಣಿನ ಹಾಗಾಯಿತು. ಗಂಜಿಯ ಹಾಗೆ ಲೋಟಕ್ಕೆ ಹಾಕಲಿಲ್ಲ, ತಟ್ಟೆಗೆ ಹಾಕಿದೆ.

ಮಾವನವರು ಮೂಗಿನ ಹತ್ತಿರ ತಂದು ನೋಡಿದರು. ಅತ್ತೆ ಮುಂಬಾಗಿಲು ಹಾಕಲು ಹೋದರು. ಅಷ್ಟರಲ್ಲಿ ಎದುರು ಮನೆಯಲ್ಲಿದ್ದ ಮಾವನವರ ಅಕ್ಕ ಒಳಗೇ ಬಂದುಬಿಟ್ಟರು.

"ಏನ್ ತಂಬಿ, ಒಡಂಬು ಸರಿಯಿಲ್ವಾ? ಗಂಜೀನಾ?"

ಅತ್ತೆ ಬಾಗಿಲ ಚಿಲಕ ಹಿಡಿದೇ ನಿಂತರು. ಈಗ ಮಾವನವರು ತಟ್ಟೆ ಕೆಳಗಿಟ್ಟರೆ ಇನ್ನು ಏನು ಕೊಟ್ಟರೂ ತಿನ್ನುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ಗಂಜಿ ಎಲ್ಲಾದ್ರೂ ಇಂಗೆ ಗಮಗಮ ಅಂತದಾ ಅಕ್ಕಾ?" ಎಂದರು ಮಾವನವರು. "ಇದು ಎಸ್ಟೇಟ್ ದೊರೆಗಳ ತಿಂಡಿ. ಸೊಸೆ ಇಂಗ್ಲೀಷ್ ಓದವ್ಳೆ, ಅವ್ಳಿಗೆ ತಿಳೀತದೆ."

ಅಕ್ಕ ಬಗ್ಗಿ ತಟ್ಟೆ ನೋಡಿದರು. "ಯಾಕೆ, ದೊರೆಗಳ್ಗೂ ಹಲ್ಲಿಲ್ವಾ?"

ಹಲ್ಲು ಕೀಳಿಸಿದ ಮೇಲೆ ಬಾಯಿಗೆ ಟವೆಲ್ ಅಡ್ಡ ಹಿಡಿದೇ ಮಾತಾಡುತ್ತಿದ್ದ ಮಾವನವರು, ಅದು ಜಾರಿದ್ದೂ ತಿಳಿಯದೆ ಬೋಳು ವಸಡೆಲ್ಲ ಕಾಣುವಂತೆ ನಕ್ಕರು. ನಂತರ ಬೆರಳಿನಲ್ಲಿ ತೆಗೆದು ಬಾಯಿಗಿಟ್ಟುಕೊಂಡರು. ನಾಲಿಗೆಯಲ್ಲಿ ಆಡಿಸಿದರು. "ಕಡಲೆ," ಎಂದರು, ತಮಗೆ ತಾವೇ ಹೇಳಿಕೊಂಡಂತೆ. ತಟ್ಟೆ ಬಳಿದು ಮುಗಿಸಿದರು.

ಅಕ್ಕನೂ ಒಂದು ತಟ್ಟೆ ಹಾಕಿಸಿಕೊಂಡರು, ಹಲ್ಲೆಲ್ಲ ಗಟ್ಟಿಯಾಗಿದ್ದರೂ. ಆ ಸಂಜೆ ಕಿತ್ತಳೆ ಹಿಡಿದು ಯಾರೂ ಬರಲಿಲ್ಲ. ಡಬ್ಬಿ ತೀರುವ ಹೊತ್ತಿಗೆ ಮಾವನವರು ಹೊಲಕ್ಕೆ ಹೋಗತೊಡಗಿದ್ದರು. ಸೆಟ್ ಬಂದ ಮೇಲೆ ಅವರು ಓಟ್ಸ್ ಕೇಳಲಿಲ್ಲ, ನಾನೂ ಮಾಡಲಿಲ್ಲ.